ನೀರು ಬಿಡುವ ಹೊತ್ತಿನ ಸಭೆ

ಮರಿಯಯ್ಯ ನೆಟ್ಟಗೆ ಕೂತದ್ದನ್ನು ಕಂಡವರು ಸೀಗೆಹುಂಡಿಯಲ್ಲಿ ಕಡಿಮೆ. ಉಣ್ಣುವುದಕ್ಕೆ ಕೂತರೂ ಒಂದು ಮೊಣಕಾಲು ಎತ್ತಿಟ್ಟುಕೊಂಡೇ ಕೂರುತ್ತಾನೆ. ಬೀದಿಯಲ್ಲಿ ಯಾರಾದರೂ 'ನಲ್ಲಿ' ಅಂದದ್ದು ಕಿವಿಗೆ ಬಿದ್ದರೆ ಸಾಕು, ತುತ್ತು ಕೈಯಲ್ಲಿರುವಾಗಲೇ ಎದ್ದುಬಿಡುತ್ತಾನೆ. ಹಂಗಳದಿಂದ ಕಾಡಿನ ಕಡೆಗೆ ಮೂರು ಮೈಲಿ ಹೋದರೆ ಸಿಗುವ ಆ ಊರಿನ ಪಂಚಾಯ್ತಿಗೆ ಅವನು ವಾಟರ್‌ಮನ್. ಇಪ್ಪತ್ತೆರಡು ವರ್ಷದಿಂದ ಊರಿಗೆ ನೀರು ಬಿಡುವವನು ಅವನೇ. ಸಂಜೆ ಮೇಲಿನ ಬೀದಿಗೆ ಆರೂಮುಕ್ಕಾಲು, ಕೆಳಗಿನ ಬೀದಿಗೆ ಏಳೂಕಾಲು, ಕಾಲೋನಿಗೆ ಏಳೂಮುಕ್ಕಾಲು. ಅವನ ಹಳೆಯ ಟಿವಿಎಸ್ಸಿನ ಹಿಂದೆ ವಾಲ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀ ಕಟ್ಟಿರುತ್ತದೆ. ಅದು ಕಲ್ಲಿಗೆ ತಗುಲಿ ಸದ್ದಾದರೆ ಹೆಂಗಸರು ಗಡಿಯಾರ ನೋಡದೆ ಬಿಂದಿಗೆ ಎತ್ತಿಕೊಳ್ಳುತ್ತಾರೆ. ಹತ್ತು ನಿಮಿಷ ತಡವಾಗಿ ನೀರು ಬಿಟ್ಟ ದಿನ ಒಂದೂ ಇಲ್ಲ ಎಂಬುದು ಅವನ ಜಂಬ. ಬೇರೆ ಜಂಬ ಪಡುವುದಕ್ಕೆ ಅವನ ಹತ್ತಿರ ಏನೂ ಇರಲಿಲ್ಲವಾದ್ದರಿಂದ ಊರಿನವರು ಅದನ್ನು ಸಹಿಸಿಕೊಂಡಿದ್ದರು.

ವಾಟರ್‌ಮನ್ ಅಂದಮೇಲೆ ಬರೀ ನೀರು ಬಿಡುವುದಲ್ಲ. ಪಂಚಾಯ್ತಿಯಲ್ಲಿ ಯಾರೂ ಮಾಡಲು ಒಪ್ಪದ ಕೆಲಸವೆಲ್ಲ ಅವನದೇ. ಅದರಲ್ಲಿ ಒಂದು, ಗ್ರಾಮಸಭೆಯ ಪುಸ್ತಕ ಹೊರುವುದು. ಸಭೆಯ ನೋಟೀಸನ್ನು ಪಂಚಾಯ್ತಿ ಆಫೀಸಿನ ಒಳಗೋಡೆಗೆ ಅಂಟಿಸುತ್ತಿದ್ದರು. ಒಳಗೆ ಬಂದವರಿಗೆ ಮಾತ್ರ ಗೊತ್ತಾಗಲಿ ಎಂಬ ಹಾಗೆ. ಸಭೆ ಬೆಳಿಗ್ಗೆ ಹನ್ನೊಂದಕ್ಕೆ. ಆ ಹೊತ್ತಿಗೆ ಊರಿನ ಹೆಂಗಸರೆಲ್ಲ ಚೆಂಡುಹೂವಿನ ಹೊಲದಲ್ಲಿ ಬೆನ್ನು ಬಗ್ಗಿಸಿರುತ್ತಾರೆ. ಗಂಡಸರಲ್ಲಿ ಅರ್ಧ ಜನ ಗುಂಡ್ಲುಪೇಟೆಯಲ್ಲಿ ಈರುಳ್ಳಿ ಲಾರಿ ತುಂಬುತ್ತಿರುತ್ತಾರೆ, ಉಳಿದರ್ಧ ಗಡಿಯಾಚೆ ಶುಂಠಿ ಅಗೆಯುತ್ತಿರುತ್ತಾರೆ. ಸಭೆಗೆ ಬಂದು ಕೂರುವವರು ಅಧ್ಯಕ್ಷ ಪುಟ್ಟಮಲ್ಲಪ್ಪ, ನಾಲ್ಕಾರು ಮೆಂಬರುಗಳು, ಬಿಸಿಲು ತಪ್ಪಿಸಿಕೊಳ್ಳಲು ಬಂದ ಇಬ್ಬರು ಮುದುಕರು, ಇಷ್ಟೇ. ಬಿಸ್ಕತ್ತು ಕಾಫಿ ಆದಮೇಲೆ ಪುಸ್ತಕ ಮರಿಯಯ್ಯನ ಬಗಲಿಗೆ ಬರುತ್ತಿತ್ತು. ಕೋರಂ ಅನ್ನುವುದಕ್ಕೆ ನೂರು ಸಹಿ ಬೇಕು. ಸಂಜೆ ನೀರು ಬಿಡುತ್ತ ಬಿಡುತ್ತಲೇ ಅವನು ಮನೆಮನೆಗೆ ಹೋಗಿ, ಸಹಿಯ ಹಾಳೆ ಮಾತ್ರ ತೆರೆದು ಹಿಡಿದು, ನೂರಾ ಹತ್ತೋ ನೂರಾ ಇಪ್ಪತ್ತೋ ಸಹಿ ಹಾಕಿಸಿಕೊಂಡು ಬರುತ್ತಿದ್ದ. ಹಿಂದಿನ ಹಾಳೆಯಲ್ಲಿ ಏನು ಬರೆದಿದೆ ಎಂದು ಯಾರಾದರೂ ಕೇಳಿದರೆ 'ಸಭೆದು ಕಣ, ಎಲ್ಲಾ ಆಕವ್ರೆ, ಬೇಗ ಆಕು' ಅನ್ನುತ್ತಿದ್ದ. ಏಳನೇ ಕ್ಲಾಸು ಓದಿದವನು, ಆ ಹಾಳೆ ಮಗುಚಿ ತಾನೂ ಓದಿದವನಲ್ಲ. ಅವನಿಗೆ ಪುರುಸೊತ್ತೆಲ್ಲಿ?

ಈ ವರ್ಷ ಜುಲೈ ತಿಂಗಳ ಒಂದು ಬೆಳಗಿನ ಜಾವ ಅವನ ಹೆಂಡತಿ ಪುಟ್ಟಿ ಕೆರೆ ಏರಿಯ ಮೇಲೆ ಬಿದ್ದಳು. ಹೂವು ಬಿಡಿಸುವ ಹೆಂಗಸರನ್ನು ಕರೆದೊಯ್ಯುವ ಆಟೋ ದೊಡ್ಡ ರಸ್ತೆಯವರೆಗೆ ಮಾತ್ರ ಬರುತ್ತದೆ. ಐದೂಕಾಲಕ್ಕೆ ಅಲ್ಲಿರಬೇಕು ಅಂದರೆ ಐದಕ್ಕೇ ಏರಿ ಹಿಡಿಯಬೇಕು. ಏರಿಯ ಮೇಲೆ ಒಂದೂ ದೀಪವಿಲ್ಲ. ಪಕ್ಕದ ಜೋಳದ ಹೊಲದಲ್ಲಿ ಏನೋ ಸರಬರ ಅಂತು. ಮುಂದಿದ್ದ ಚಿಕ್ಕಮಲ್ಲಮ್ಮ 'ಆನೆ' ಎಂದು ಕಿರುಚಿದಳು. ಹದಿನಾಲ್ಕು ಹೆಂಗಸರೂ ದಿಕ್ಕಾಪಾಲಾಗಿ ಓಡಿದರು. ಪುಟ್ಟಿ ಕಲ್ಲು ಎಡವಿ ಏರಿಯ ಕೆಳಕ್ಕೆ ಉರುಳಿ ಬಲಗೈ ಮುರಿದುಕೊಂಡಳು. ಅದು ಆನೆಯೋ, ಹಗ್ಗ ಕಿತ್ತುಕೊಂಡು ಬಂದ ಯಾರದೋ ಎಮ್ಮೆಯೋ ಇವತ್ತಿಗೂ ಗೊತ್ತಿಲ್ಲ. ನೋಡೋಣ ಅಂದರೆ ಬೆಳಕಿರಬೇಕಲ್ಲ!

ಗುಂಡ್ಲುಪೇಟೆಯ ಆಸ್ಪತ್ರೆಯಲ್ಲಿ ಮೊಣಕೈವರೆಗೂ ಸಿಮೆಂಟಿನ ಪಟ್ಟಿ ಹಾಕಿ ಆರು ವಾರ ಕೈ ಆಡಿಸಬಾರದು ಅಂದರು. ಮಾರನೆಯ ದಿನ ಮರಿಯಯ್ಯ ಸಿಟ್ಟಿನಿಂದ ಕುದಿಯುತ್ತ ಪಂಚಾಯ್ತಿ ಆಫೀಸಿಗೆ ಹೋದ. ಪಿಡಿಒ ಮೀನಾ ಚಾಮರಾಜನಗರದ ಕಡೆಯ ಹೆಣ್ಣುಮಗಳು, ವರ್ಗವಾಗಿ ಬಂದು ಆರು ತಿಂಗಳಾಗಿತ್ತು. ಗುಂಡ್ಲುಪೇಟೆಯಲ್ಲಿ ಮನೆ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಬರುತ್ತಿದ್ದಳು.

"ಮೇಡಮ್ಮಾರೆ, ಕೆರೆ ಏರಿ ಮ್ಯಾಲೆ ಒಂದ್ ದೀಪ ಆಕ್ಸಕ್ಕೆ ಈ ಪಂಚಾಯ್ತಿಗೆ ಏನ್ ರೋಗ? ನಮ್ಮೆಣ್ಣಾಳ್ಗಳು ಸಾಯ್ಬೇಕಾ?"

"ಕೂತ್ಕೊಳ್ಳಿ ಮರಿಯಯ್ಯ," ಅಂದಳು ಮೀನಾ. ಅವನು ಕೂರಲಿಲ್ಲ. ಅವಳು ಬೀರುವಿನಿಂದ ಹೋದ ವರ್ಷದ ಪುಸ್ತಕ ತೆಗೆದು ಹಾಳೆ ಮಗುಚಿದಳು. "ನೋಡಿ, ಹೋದ ನವೆಂಬರ್ ಸಭೇಲಿ ಎರಡು ಕೆಲಸ ಇತ್ತು. ಕೆರೆ ಏರಿಗೆ ಹತ್ತು ದೀಪ, ಇಲ್ಲಾ ಊರ ಮುಂದೆ ಸ್ವಾಗತ ಕಮಾನು. ಎರಡ್ರಲ್ಲಿ ಒಂದು. ಜನ ಕಮಾನು ಅಂತ ಸರ್ವಾನುಮತದಿಂದ ಒಪ್ಪಿದ್ದಾರೆ. ನೂರಾ ಹನ್ನೆರಡು ಸಹಿ ಇದೆ. ನಾನಿನ್ನೂ ಬಂದಿರಲಿಲ್ಲ."

ಕಮಾನು ಎದ್ದು ನಿಂತು ಮೂರು ತಿಂಗಳಾಗಿತ್ತು. ಅದರ ನೆತ್ತಿಯ ಮೇಲೆ ಒಂದು ದೀಪವಿದೆ. ಊರಿಗೆಲ್ಲ ಚೆನ್ನಾಗಿ ಬೆಳಗುವ ದೀಪ ಅದೊಂದೇ. ಅದರ ಬೆಳಕಿನಲ್ಲಿ ಪುಟ್ಟಮಲ್ಲಪ್ಪನ ಹೆಸರನ್ನು ಬಸ್ಸಿನಲ್ಲಿ ಕೂತೇ ಓದಬಹುದು.

ಮರಿಯಯ್ಯ ಬಗ್ಗಿ ನೋಡಿದ. ಮೂರನೆಯ ಹಾಳೆಯ ನಡುವೆ, ಬಲಕ್ಕೆ ವಾಲಿಕೊಂಡ ಎರಡು ಅಕ್ಷರ. ಪಕ್ಕದಲ್ಲಿ ಒಣಗಿ ಬಿರುಕು ಬಿಟ್ಟ ರಾಗಿ ಹಿಟ್ಟಿನ ಗೀರು. ಅವನಿಗೆ ಆ ಸಂಜೆ ನೆನಪಾಯಿತು. ಪುಟ್ಟಿ ಮುದ್ದೆ ತೊಳಸುತ್ತಿದ್ದಳು. 'ಏನಿದು?' ಎಂದು ಕೇಳಿದ್ದಳು. 'ಇನ್ನೂ ನಲವತ್ ಮನೆ ಅದ ಕಣಮ್ಮಿ, ಬೇಗ ಆಕು' ಅಂದಿದ್ದ. ಅವಳು ಮುದ್ದೆಕೋಲು ಬಿಟ್ಟು, ಕೈಯನ್ನು ಸೆರಗಿಗೆ ಅರೆಬರೆ ಒರೆಸಿಕೊಂಡು ಸಹಿ ಹಾಕಿದ್ದಳು. ವಯಸ್ಕರ ಶಾಲೆಗೆ ಹೋಗಿ ಅವಳು ಕಲಿತದ್ದು ಆ ಎರಡು ಅಕ್ಷರ. ಹೆಬ್ಬೆಟ್ಟು ಒತ್ತುವುದನ್ನು ಬಿಟ್ಟು ಹದಿನೈದು ವರ್ಷವಾಗಿತ್ತು. ಈಗ ತನ್ನ ಕೈ ಮುರಿಯುವುದಕ್ಕೆ ತಾನೇ ಒಪ್ಪಿಗೆ ಬರೆದುಕೊಟ್ಟ ಹಾಗೆ ಆ ಎರಡು ಅಕ್ಷರ ಅಲ್ಲಿ ಕೂತಿದ್ದವು. ಬರೆಸಿಕೊಂಡವನು ಗಂಡ.

ಮರಿಯಯ್ಯನಿಗೆ ನಾಚಿಕೆಯಾಯಿತು. ಸಿಟ್ಟು ಯಾರ ಮೇಲೆ ತಿರುಗಿಸುವುದು ಎಂದು ತಿಳಿಯದೆ ಟಿವಿಎಸ್ ಒದ್ದು ಹೊರಟುಬಿಟ್ಟ.

ಮನೆಯಲ್ಲಿ ಹೇಳಬೇಕು ಅಂದುಕೊಂಡ, ಹೇಳಲಿಲ್ಲ. ಪುಟ್ಟಿ ಎಡಗೈಯಲ್ಲಿ ಬಿಂದಿಗೆ ಎತ್ತಲು ಹೋಗಿ ಚೆಲ್ಲಿಕೊಂಡಾಗ ಹೇಳಬೇಕೆನಿಸಿತು. ಅವಳು 'ಆ ಏರಿಗೊಂದು ದೀಪ ಆಕ್ಸಿದ್ರೆ ಯಾರಪ್ಪನ್ ಗಂಟು ಓಗ್ತಿತ್ತು' ಎಂದು ಗೊಣಗಿದಾಗಂತೂ ಬಾಯಿಗೇ ಬಂದಿತ್ತು. ಆಗ ಎದ್ದುಹೋಗಿ ಕೆಟ್ಟಿಲ್ಲದ ನಲ್ಲಿ ಬಿಚ್ಚಿ ರಿಪೇರಿ ಮಾಡಿದ. ಅನ್ನ ಸೇರುತ್ತಿರಲಿಲ್ಲ. ಪುಟ್ಟಿ ನೋಡಿ ನೋಡಿ ಸಾಕಾಗಿ, "ಕೈ ಮುರ್ದಿರೋಳು ನಾನು. ನೀನ್ಯಾಕೆ ಬಾಲ ಸುಟ್ಟ ಬೆಕ್ಕಿನಂಗೆ ತಿರುಗ್ತಿದ್ದಿಯೆ?" ಎಂದು ಕೇಳಿದಳು. ಅವನು ಮೇಲಿನ ಬೀದಿಯ ವಾಲ್ ಸೋರುತ್ತಿದೆ ಎಂದು ಸುಳ್ಳು ಹೇಳಿದ.

ಆಗಸ್ಟಿನಲ್ಲಿ ಮತ್ತೆ ಗ್ರಾಮಸಭೆ ಬರುವುದಿತ್ತು. ಈ ಸಲ ಪುಸ್ತಕ ಬಗಲಲ್ಲಿಟ್ಟುಕೊಂಡು ಹೋಗುವುದು ತನ್ನಿಂದ ಆಗದು ಎಂಬುದಂತೂ ಅವನಿಗೆ ಖಾತ್ರಿಯಾಗಿತ್ತು. ಜನರೇ ಬರಬೇಕು. ಬರಬೇಕು ಅಂದರೆ ಹನ್ನೊಂದು ಗಂಟೆಗೆ ಸಾಧ್ಯವಿಲ್ಲ. ಯಾವ ಮನೆಯಲ್ಲಿ ಯಾರು ಎಷ್ಟು ಹೊತ್ತಿಗೆ ಇರುತ್ತಾರೆ ಎಂದು ಅವನಷ್ಟು ಬಲ್ಲವರು ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ಸಂಜೆ ನೀರು ಬರುವ ಹೊತ್ತಿಗೆ ಇಡೀ ಊರು ಮನೆಯಲ್ಲಿರುತ್ತದೆ. ಇಷ್ಟು ಸರಳವಾದದ್ದು ಇಪ್ಪತ್ತೆರಡು ವರ್ಷ ತನ್ನ ತಲೆಗೆ ಹೊಳೆಯಲಿಲ್ಲವಲ್ಲ ಎಂದು ತಲೆ ಚಚ್ಚಿಕೊಂಡ.

ಮೀನಾ ಮೊದಲು ಹಿಂದೆಮುಂದೆ ನೋಡಿದಳು. "ನೀರಿನ ಟ್ಯಾಂಕ್ ಕೆಳಗೆ, ಸಂಜೆ ಆರೂವರೆಗಾ? ಕಾನೂನಲ್ಲಿ ಬೇಡ ಅಂತೇನಿಲ್ಲ. ಹನ್ನೊಂದು ಗಂಟೆ ನಮ್ಮ ಆಫೀಸಿನ ರೂಢಿ ಅಷ್ಟೆ. ಆದ್ರೆ ನನಗೆ ಎಂಟೂಕಾಲಿಗೆ ಕಡೇ ಬಸ್ಸು."

"ಬಸ್ ತಪ್ಪುದ್ರೆ ನಾನು ಟಿವಿಎಸ್ನಲ್ಲಿ ಬುಡ್ತೀನಿ."

ಆ ಟಿವಿಎಸ್ಸನ್ನು ಕಿಟಕಿಯಿಂದ ಒಮ್ಮೆ ನೋಡಿ ಮೀನಾ ನಕ್ಕುಬಿಟ್ಟಳು. ಪುಟ್ಟಮಲ್ಲಪ್ಪನನ್ನು ಒಪ್ಪಿಸಿದವಳೂ ಅವಳೇ. ಅವನು ಕೆಟ್ಟವನೇನಲ್ಲ. ಎಂಟು ಜನ ಕೂತು ಬೇಗ ಮುಗಿಸುವ ಸಭೆ ಅವನಿಗೆ ಹಿತವಾಗಿತ್ತು, ಅಷ್ಟೇ. "ಮಾಡಿ, ಮಾಡಿ. ಯಾರ್ ಬರ್ತಾರೋ ನಾನೂ ನೋಡ್ತೀನಿ," ಅಂದ.

ಮರಿಯಯ್ಯ ಒಂದು ವಾರ ಒಂದೊಂದು ನಲ್ಲಿಯ ಹತ್ತಿರವೂ ನಿಂತು ಹೇಳಿದ. ಕೆರೆ ಏರಿಗೆ ದೀಪ ಬೇಕಾದರೆ ಬನ್ನಿ, ಬೇಡವಾದರೆ ಬೇಡ ಅನ್ನುವುದಕ್ಕಾದರೂ ಬನ್ನಿ. ಕಸದ ಆಟೋದ ಮೈಕಿನಲ್ಲೂ ಕೂಗಿಸಿದ. ಆ ದಿನ ಆರೂವರೆಗೆ ಟ್ಯಾಂಕಿನ ಕೆಳಗೆ ನೂರ ಮೂವತ್ತು ಜನ! ಹೂವಿನ ಹೊಲದ ಮಣ್ಣು ಕಾಲಿನಲ್ಲೇ ಇತ್ತು, ಈರುಳ್ಳಿ ಸಿಪ್ಪೆ ಇನ್ನೂ ಕೆಲವರ ತಲೆಯಲ್ಲಿತ್ತು. ಮರಿಯಯ್ಯ ಹಿಗ್ಗಿಹೋದ. ಮೀನಾ ನಿಂತು ಸ್ವಾಗತ ಹೇಳಿದಳು. ಹಿಂದಿನ ಸಭೆಯ ವರದಿ ಓದಲು ಶುರುಮಾಡಿದಳು. ಆರೂಮುಕ್ಕಾಲಾಯಿತು.

ಆಮೇಲೆ ಆದದ್ದಕ್ಕೆ ಅವನು ಯಾರನ್ನೂ ದೂರುವಂತಿರಲಿಲ್ಲ. ಕಾಲು ತಾನಾಗಿ ಎದ್ದಿತು. ಕೀ ಕೈಗೆ ಬಂತು. ಮೇಲಿನ ಬೀದಿಯ ವಾಲ್ ಟ್ಯಾಂಕಿನ ಹಿಂದೆಯೇ ಇತ್ತು. ಹೋಗಿ ಎಂದಿನಂತೆ ಮೂರು ಸುತ್ತು ತಿರುಗಿಸಿ ಬಂದುಬಿಟ್ಟ. ಇಪ್ಪತ್ತೆರಡು ವರ್ಷದ ಅಭ್ಯಾಸ. ಅರೆಗಳಿಗೆಯಲ್ಲಿ ಯಾರೋ 'ನೀರ್ ಬಂತು ಕಣ್ರೋ' ಎಂದು ಕೂಗಿದರು. ಮೇಲಿನ ಬೀದಿಯವರು ಎದ್ದರು. ಅವರು ಎದ್ದದ್ದು ಕಂಡು ಸರದಿ ಇನ್ನೂ ಬಾರದ ಕೆಳಗಿನ ಬೀದಿಯವರೂ ಎದ್ದರು. ಕಾಲೋನಿಯವರು ತಾವೊಬ್ಬರೇ ಕೂತು ಏನು ಮಾಡುವುದು ಎಂದು ಎದ್ದರು. ಎರಡು ನಿಮಿಷದಲ್ಲಿ ಟ್ಯಾಂಕಿನ ಕೆಳಗೆ ಉಳಿದದ್ದು ನಾಲ್ಕು ಕುರ್ಚಿ, ಮೀನಾ, ಪುಟ್ಟಮಲ್ಲಪ್ಪ, ಕೈಯಲ್ಲಿ ಕೀ ಹಿಡಿದ ಮರಿಯಯ್ಯ.

"ಲೋ ಮರಿಯ," ಎಂದು ಪುಟ್ಟಮಲ್ಲಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ನಿನ್ ಸಭೇನ ನಿನ್ ನೀರೇ ಕುಡ್ದ್ಬುಡ್ತಲ್ಲೋ!"

ಕೋರಂ ಇಲ್ಲವೆಂದು ಸಭೆ ಮುಂದಕ್ಕೆ ಹೋಯಿತು. ಹತ್ತು ದಿನ ಬಿಟ್ಟು ಗುರುವಾರ, ಅದೇ ಜಾಗ, ಅದೇ ಹೊತ್ತು. ಅದೂ ಆಗದಿದ್ದರೆ ಹಳೆಯ ಪದ್ಧತಿಯೇ ಸರಿ ಎಂದು ಪುಟ್ಟಮಲ್ಲಪ್ಪ ಹೇಳಿಬಿಟ್ಟ. ಹಳೆಯ ಪದ್ಧತಿ ಅಂದರೆ ಮರಿಯಯ್ಯನ ಬಗಲು.

ಆ ಹತ್ತು ದಿನ ಅವನು ಪಟ್ಟ ಪಾಡು ಹೇಳತೀರದು. ಪೋಲಿ ಹುಡುಗರು ಅವನ ಟಿವಿಎಸ್ ಕಂಡರೆ 'ಸಭೆ ಬಂತು, ಬಿಂದಿಗೆ ತಕ್ಕಳಿ' ಎಂದು ಕೂಗುತ್ತಿದ್ದರು. ಅವನಿಗೆ ಅದು ತಾಕಲಿಲ್ಲ. ಬೇರೊಂದು ಒಳಗೆ ಕೊರೆಯುತ್ತಿತ್ತು. ಸಭೆ ನಡೆಯಬೇಕಾದರೆ ಅವತ್ತು ನೀರು ನಿಲ್ಲಿಸಬೇಕು. ಇಡೀ ಊರಿನ ಬಾಯಿಗೆ ಬೀಳಬೇಕು. ನಡೆದರೆ ಮೀನಾ ಹಿಂದಿನ ಸಭೆಯ ವರದಿ ಓದುತ್ತಾಳೆ. ಕಮಾನಿನ ವಿಷಯ ಬರುತ್ತದೆ. ಪುಟ್ಟಿ ಅಲ್ಲೇ ಕೂತಿರುತ್ತಾಳೆ. ನಡೆಯದಿದ್ದರೆ ಇದೊಂದೂ ಇಲ್ಲ, ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ. ಏರಿಯೂ ಕತ್ತಲಾಗಿಯೇ ಉಳಿಯುತ್ತದೆ. ಪಟ್ಟಿ ಬಿಚ್ಚಿದ ಮಾರನೆಯ ದಿನವೇ ಪುಟ್ಟಿ ಅದೇ ಏರಿಯ ಮೇಲೆ ಐದಕ್ಕೆ ನಡೆಯುತ್ತಾಳೆ. ಕೂತರೂ ಇದೇ ಯೋಚನೆ, ನಿಂತರೂ ಇದೇ.

ಗುರುವಾರ ಆರೂವರೆಗೆ ಮೊದಲಿನಷ್ಟಲ್ಲದಿದ್ದರೂ ನೂರು ದಾಟಿದ ಜನ ಬಂದರು. ಈ ಸಲ ಬಿಂದಿಗೆಗಳನ್ನು ಜೊತೆಗೇ ತಂದಿದ್ದರು. ಎದ್ದು ಓಡುವಾಗ ಅನುಕೂಲವಾಗಲಿ ಎಂದು. ಪುಟ್ಟಿ ಮುಂದಿನ ಸಾಲಿನಲ್ಲಿ, ಪಟ್ಟಿ ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಆರೂಮುಕ್ಕಾಲಾಯಿತು. ಮರಿಯಯ್ಯನ ಕಾಲು ಎದ್ದಿತು. ಅವನು ಕೀಯನ್ನು ನೆಲದ ಮೇಲೆ ಹಾಕಿ, ಅದರ ಮೇಲೆ ಎರಡೂ ಪಾದ ಊರಿ ನಿಂತುಬಿಟ್ಟ.

ಆರು ಐವತ್ತಕ್ಕೆ ಚಿಕ್ಕಮಲ್ಲಮ್ಮ ಬಾಯಿ ತೆಗೆದಳು. "ಏನ್ ಮರಿಯಣ್ಣ, ನೀರ್ ಬುಡಕಿಲ್ವಾ? ಎಮ್ಮೆಗೆ ಕುಡ್ಸಕ್ಕೂ ಒಂದ್ ತೊಟ್ಟಿಲ್ಲ."

"ಸಭೆ ಮುಗಿಲಿ ಕಣಕ್ಕ, ಬುಡ್ತೀನಿ."

"ಅಯ್ಯೋ, ಇವನೇನು ನೀರಿನ ದೊರೆ ಆಗ್ಬುಟ್ನಾ?" ಎಂದು ಇನ್ನೊಬ್ಬಳು ಕೂಗಿದಳು. ಗಂಡಸರೂ ಸೇರಿಕೊಂಡರು. ಯಾರೋ ಅವನ ಕೆಲಸ ತೆಗೆಸಬೇಕು ಅಂದರು. ಪುಟ್ಟಮಲ್ಲಪ್ಪ ಎದ್ದು ನಿಂತು, "ಬಿಡೋ ಮರಿಯ, ಜನಕ್ಕೆ ತೊಂದ್ರೆ ಕೊಡ್ಬೇಡ. ಸಭೆ ನಾಳೆ ಪುಸ್ತಕದಲ್ಲಿ ಮಾಡಿಕೊಂಡ್ರಾಯ್ತು," ಅಂದ. ಜನ ಸೊಂಟಕ್ಕೆ ಬಿಂದಿಗೆ ಎತ್ತತೊಡಗಿದರು.

ಪುಸ್ತಕದ ಮಾತು ಕೇಳಿದ್ದೇ ಮರಿಯಯ್ಯನಿಗೆ ತಡೆಯಲಾಗಲಿಲ್ಲ. ಹೇಗೆ ಹೇಳಬೇಕೆಂದು ಹತ್ತು ದಿನ ಯೋಚಿಸಿದ್ದು ಒಂದೂ ನೆನಪಿಗೆ ಬರಲಿಲ್ಲ.

"ಓದ್ ಸಲ ಪುಸ್ತಕ ತಗಂಡು ನಿಮ್ ಮನೆ ಬಾಗ್ಲಿಗೆ ಬಂದೋನು ನಾನೇ," ಅಂದ. ದನಿ ಬೇಕಾದ್ದಕ್ಕಿಂತ ಜೋರಾಯಿತು. "ಏನ್ ಬರ್ದದ ಅಂತ ನೀವು ಕೇಳುದ್ರಿ, ನಾನು ಏಳ್ನಿಲ್ಲ. ನಂಗೂ ಗೊತ್ತಿರ್ನಿಲ್ಲ, ಓದ್ನೂ ಇಲ್ಲ. ಕೆರೆ ಏರಿಗೆ ದೀಪ ಬ್ಯಾಡ, ಕಮಾನೇ ಸಾಕು ಅಂತ ಬರ್ದಿತ್ತು ಅದ್ರಲ್ಲಿ. ಅದ್ಕೆ ನೀವೆಲ್ಲ ಸೈನ್ ಆಕಿದ್ರಿ. ಚಿಕ್ಕಮಲ್ಲಕ್ಕ, ನಿಂದೂ ಅದ. ನನ್ನೆಂಡ್ರು ಸೈನೂ ಅದ. ಮುದ್ದೆ ತೊಳ್ಸೋಳ ಕೈಲಿ ಬೇಗ ಆಕು ಅಂತ ಆಕ್ಸ್ಕಂಡೆ. ಅವ್ಳ ಕೈ ಮುರ್ದದ್ದು ಆನೆಯಿಂದಲ್ಲ, ನನ್ನಿಂದ."

ಎತ್ತಿದ ಬಿಂದಿಗೆಗಳು ಒಂದೊಂದಾಗಿ ಕೆಳಗಿಳಿದವು. ಪುಟ್ಟಮಲ್ಲಪ್ಪ ಕೆಮ್ಮಿ ಕೂತ. ಮರಿಯಯ್ಯನಿಗೆ ಯಾರ ಮುಖವೂ ಬೇಕಿರಲಿಲ್ಲ, ಒಂದು ಮುಖ ಬಿಟ್ಟು. ಪುಟ್ಟಿ ಅವನನ್ನು ನೋಡುತ್ತಿರಲಿಲ್ಲ. ಮಡಿಲಲ್ಲಿದ್ದ ಬಿಳಿ ಪಟ್ಟಿಯನ್ನೇ ನೋಡುತ್ತಿದ್ದಳು. ಆಮೇಲೆ ತಲೆ ಎತ್ತಿ ಮೀನಾಳ ಕಡೆಗೆ ತಿರುಗಿದಳು.

"ಮೇಡಮ್ಮಾರೆ, ಈ ಸಲ ಏನ್ ಬರಿತೀರಿ ಅದ್ನ ಮೊದ್ಲು ಓದಿ. ಆಮೇಕೆ ಸೈನು."

ಸಭೆ ನಡೆಯಿತು. ಸಲೀಸಾಗಿ ನಡೆಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಕಾಲೋನಿಯವರು ಚರಂಡಿ ಅಂದರು, ಮೇಲಿನ ಬೀದಿಯವರು ಬಸ್ಸಿನ ತಂಗುದಾಣ ಅಂದರು, ಒಬ್ಬ ಮುದುಕ ಪಿಂಚಣಿ ಬಂದಿಲ್ಲವೆಂದು ಕಾಲು ಗಂಟೆ ತಿಂದ. ಚಿಕ್ಕಮಲ್ಲಮ್ಮ ಎದ್ದು ನಿಂತು, ಏರಿಯ ಮೇಲೆ ಒಂದು ದಿನ ಐದು ಗಂಟೆಗೆ ನಡೆದು ತೋರಿಸಿ, ಆಮೇಲೆ ತಂಗುದಾಣ ಕಟ್ಟಿಕೊಳ್ಳಿ ಎಂದು ಗಂಡಸರಿಗೆ ಚೆನ್ನಾಗಿ ಜಾಡಿಸಿದಳು. ಕೈ ಎತ್ತಿಸಿದಾಗ ಏರಿಯ ದೀಪಕ್ಕೆ ಎಪ್ಪತ್ತನಾಲ್ಕು ಕೈ. ಮೀನಾ ಅಲ್ಲೇ ಕೂತು ಬರೆದಳು. ಬರೆದದ್ದನ್ನು ಒಂದಕ್ಷರ ಬಿಡದೆ ಗಟ್ಟಿಯಾಗಿ ಓದಿದಳು. ಎಂಟು ಗಂಟೆಯಾಗುತ್ತ ಬಂದಿತ್ತು. ಅವಳ ಬಸ್ಸು ಹತ್ತಿರವಾಗುತ್ತಿತ್ತು, ಊರಿನ ಗಂಟಲು ಒಣಗುತ್ತಿತ್ತು, ಮರಿಯಯ್ಯನ ಪಾದದಡಿಯ ಕೀ ಬೆಚ್ಚಗಾಗಿತ್ತು.

ಪುಸ್ತಕ ಮೊದಲು ಬಂದದ್ದು ಪುಟ್ಟಿಯ ಕೈಗೆ. ಮೀನಾ ಮೆಲ್ಲಗೆ, "ಕೈ ಆಗಲ್ವಲ್ಲಮ್ಮ, ಎಡಗೈ ಹೆಬ್ಬೆಟ್ಟು ಒತ್ತಿಬಿಡಿ, ನಡೆಯುತ್ತೆ," ಎಂದು ಇಂಕಿನ ಡಬ್ಬಿ ಮುಂದೆ ಹಿಡಿದಳು.

"ನಂಗೆ ಬರೆಯಕ್ಕೆ ಬತ್ತದ," ಅಂದಳು ಪುಟ್ಟಿ.

ಪೆನ್ನನ್ನು ಎಡಗೈಗೆ ತೆಗೆದುಕೊಂಡಳು. ಪುಸ್ತಕ ಜಾರಿತು. ಮರಿಯಯ್ಯ ಕೀಯಿಂದ ಇಳಿದು ಬಂದು, ಅವಳೆದುರು ನೆಲದ ಮೇಲೆ ಪೂರ್ತಿ ಕೂತು, ಎರಡೂ ಕೈಯಿಂದ ಪುಸ್ತಕ ಹಿಡಿದುಕೊಂಡ. ಅವಳು ಅವನ ಮುಖ ನೋಡಲಿಲ್ಲ. ಮೊದಲ ಅಕ್ಷರ ಬರೆಯುವುದಕ್ಕೇ ಒಂದು ನಿಮಿಷ ಹಿಡಿಯಿತು. ಎರಡನೆಯದರ ಒತ್ತಿಗೆ ಬಂದಾಗ ಪೆನ್ನು ಎಲ್ಲಿಗೋ ಹೋಯಿತು. ನಿಲ್ಲಿಸಿ, ಉಸಿರು ಬಿಟ್ಟು, ಮತ್ತೆ ಹಿಡಿದಳು. ಹಿಂದಿನಿಂದ ಯಾರೋ, "ಬೇಗ ಆಕಮ್ಮಿ, ನೀರ್ ಬುಡ್ಬೇಕು," ಅಂದರು.

ಪುಟ್ಟಿ ಪೆನ್ನು ಎತ್ತಿ ಗಂಡನನ್ನು ನೋಡಿದಳು. ಆ ಸಂಜೆಯಲ್ಲಿ ಅವಳು ಅವನನ್ನು ನೋಡಿದ್ದು ಅದೇ ಮೊದಲು.

"ಬೇಗ ಬ್ಯಾಡ," ಅಂದ ಮರಿಯಯ್ಯ. "ನಿಧಾನಕ್ಕೆ ಆಕು."

ಅವಳು ನಿಧಾನಕ್ಕೆ ಹಾಕಿದಳು. ಮುಗಿದ ಮೇಲೆ ತಾನು ಬರೆದದ್ದನ್ನು ಒಮ್ಮೆ ನೋಡಿಕೊಂಡು, ಪುಸ್ತಕವನ್ನು ಚಿಕ್ಕಮಲ್ಲಮ್ಮನ ಕಡೆಗೆ ಸರಿಸಿದಳು. ತಂದಿದ್ದ ಬಿಂದಿಗೆಯನ್ನು ಎಡಗೈಯಲ್ಲಿ ಎತ್ತಿ ಅವನ ಮಡಿಲಿಗೆ ಇಟ್ಟಳು.

"ಈಗ ಓಗು," ಅಂದಳು. "ನೀರ್ ಬುಡು. ಇವತ್ತು ನಮ್ಮನೆಗೆ ನೀನೇ ಇಡ್ಕಂಡು ಬಾ."